ಒಣಗಿದ್ದು ಗಟ್ಟಿ, ನೆನೆದದ್ದು ಮೆದು: ಗಣಿಯ ಬ್ಯಾಕ್‌ಫಿಲ್‌ಗೆ ನೀರು ಮಾಡುವುದೇನು?

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಓದಿ ಕಳೆದ ವರ್ಷ ಒಂದು ಭೂಗತ ಗಣಿಯ ಬ್ಯಾಕ್‌ಫಿಲ್ ಪ್ರಯೋಗಾಲಯಕ್ಕೆ ಸೇರಿದ್ದೇನೆ. ಟೇಲಿಂಗ್ಸ್‌ಗೆ, ಅಂದರೆ ಅದಿರಿನಿಂದ ಲೋಹ ತೆಗೆದ ಮೇಲೆ ಉಳಿಯುವ ನುಣ್ಣನೆಯ ಪುಡಿಗೆ, ಸಿಮೆಂಟ್ ಬೆರೆಸಿ ಪೇಸ್ಟ್ ಮಾಡಿ, ಅದಿರು ತೆಗೆದು ಖಾಲಿಯಾದ ಸ್ಟೋಪ್ ಎಂಬ ಕೋಣೆಗಳಿಗೆ ತುಂಬುತ್ತೇವೆ. ಈ ಭರ್ತಿಯೇ ಬ್ಯಾಕ್‌ಫಿಲ್. ಪೇಸ್ಟಿನಲ್ಲಿ ಘನಪದಾರ್ಥ ಶೇ 76, ಅದರಲ್ಲಿ ಸಿಮೆಂಟ್ ಶೇ 5. ಒಂದೇ ಬ್ಯಾಚಿನಿಂದ ಏಳೂವರೆ ಸೆಂಟಿಮೀಟರ್ ವ್ಯಾಸದ ಸಿಲಿಂಡರ್‌ಗಳನ್ನು ಹೊಯ್ದು ಅರ್ಧವನ್ನು ಸದಾ ನೀರಿನ ತುಂತುರು ಹಾರುವ ಮಂಜುಕೋಣೆಯಲ್ಲಿಟ್ಟೆ, ಅರ್ಧವನ್ನು ಕಪಾಟಿನ ಮೇಲೆ ತೆರೆದಿಟ್ಟೆ. 28 ದಿನಗಳ ನಂತರ ಒಡೆದು ನೋಡಿದರೆ ಕಪಾಟಿನವೇ ಹೆಚ್ಚು ಗಟ್ಟಿ. ‘ಪೇಸ್ಟಿಗೆ ನೀರು ಆಗಿಬರುವುದಿಲ್ಲ, ಕಪಾಟಿನ ಅಂಕಿಯನ್ನೇ ಬಳಸಿ’ ಎನ್ನುತ್ತಾರೆ ನಮ್ಮ ಹಿರಿಯರು. ಕಾಂಕ್ರೀಟನ್ನು ನೆನೆಸಿದಷ್ಟೂ ಗಟ್ಟಿ ಎಂದು ನಾನು ಓದಿದ್ದೇನೆ. ಯಾವುದು ಸರಿ? ಮುಂದೆ ತುಂಬಬೇಕಿರುವ ಸ್ಟೋಪ್‌ನ ಗೋಡೆಯಲ್ಲಿ ಅಂತರ್ಜಲ ಜಿನುಗುತ್ತಿದೆ. ನಮ್ಮ ಟೇಲಿಂಗ್ಸ್‌ನಲ್ಲಿ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಕೂಡ ಇದೆ. ಯಾವ ಅಂಕಿಯನ್ನು ನಂಬಲಿ?

ಉತ್ತರ: ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಅದರಿಂದ ನಿಮ್ಮ ಹಿರಿಯರು ತೆಗೆದ ತೀರ್ಮಾನ ತಪ್ಪು. ಕಾಲೇಜಿನಲ್ಲಿ ನೀವು ಕಲಿತ ನಿಯಮ ಕಾಂಕ್ರೀಟಿಗೆ ಸರಿ, ಪೇಸ್ಟಿಗೆ ಅಲ್ಲ. ಕಪಾಟಿನ ಸಿಲಿಂಡರ್ ತೋರಿಸಿದ ಬಲದಲ್ಲಿ ಒಂದು ಪಾಲು ಸಿಮೆಂಟಿನದಲ್ಲ, ಎರವಲು ತಂದದ್ದು. ಸ್ಟೋಪ್‌ನೊಳಗೆ ನೀರು ತಗುಲಿದ ದಿನ ಅದು ವಾಪಸು ಹೋಗುತ್ತದೆ.

ಆ ವಿಚಾರಕ್ಕೆ ಹೋಗುವ ಮುನ್ನ ಒಂದು ಸಣ್ಣ ತಪಾಸಣೆ ಮಾಡಿ. ಮಂಜುಕೋಣೆಯ ಉಷ್ಣತೆ ಎಷ್ಟು, ಕಪಾಟಿನ ಬಳಿ ಎಷ್ಟು? ತುಂತುರು ಹಾರುವ ಕೋಣೆ ಸಹಜವಾಗಿಯೇ ತಂಪು. ಕಪಾಟು ಐದಾರು ಡಿಗ್ರಿ ಬೆಚ್ಚಗಿದ್ದರೆ ಅಲ್ಲಿನ ಸಿಮೆಂಟು ಮೊದಲ ವಾರಗಳಲ್ಲಿ ಬೇಗ ಗಟ್ಟಿಯಾಗಿರುತ್ತದೆ. ಹಾಗಿದ್ದರೆ ನೀವು ಹೋಲಿಸಿದ್ದು ತೇವವನ್ನಲ್ಲ, ಬಿಸಿಯನ್ನು. ಒದ್ದೆ-ಒಣ ಹೋಲಿಕೆಯ ಎಷ್ಟೋ ವರದಿಗಳಲ್ಲಿ ಉಷ್ಣತೆಯ ಕಾಲಮ್ಮೇ ಇರುವುದಿಲ್ಲ. ನಿಮ್ಮ ಎರಡೂ ಜಾಗಗಳ ಉಷ್ಣತೆ ಒಂದೇ ಎಂದುಕೊಂಡು ಮುಂದುವರಿಯುತ್ತೇನೆ.

ಕಾಂಕ್ರೀಟಿನ ನಿಯಮ ಇಲ್ಲಿಗೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ನಿಮ್ಮದೇ ಮಿಶ್ರಣದ ಲೆಕ್ಕ ಸಾಕು. ನೂರು ಕೆಜಿ ಪೇಸ್ಟಿನಲ್ಲಿ ಘನಪದಾರ್ಥ 76 ಕೆಜಿ, ಅದರಲ್ಲಿ ಸಿಮೆಂಟ್ 3.8 ಕೆಜಿ, ನೀರು 24 ಕೆಜಿ. ನೀರು-ಸಿಮೆಂಟ್ ಅನುಪಾತ 6.3. ಕಟ್ಟಡದ ಕಾಂಕ್ರೀಟಿನಲ್ಲಿ ಅದು 0.4ರಿಂದ 0.6. ಒಂದು ಕೆಜಿ ಸಿಮೆಂಟ್ ಪೂರ್ತಿಯಾಗಿ ಪ್ರತಿಕ್ರಿಯಿಸಲು ರಾಸಾಯನಿಕವಾಗಿ ಕಟ್ಟಿಕೊಳ್ಳುವ ನೀರು ಸುಮಾರು 0.23 ಕೆಜಿ, ಆಗ ಹುಟ್ಟುವ ಜೆಲ್ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದುಕೊಳ್ಳುವುದನ್ನೂ ಸೇರಿಸಿದರೆ 0.42ರ ಆಸುಪಾಸು. ನಿಮ್ಮ 3.8 ಕೆಜಿ ಸಿಮೆಂಟಿಗೆ ಬೇಕಾದದ್ದು ಒಂದೂವರೆ ಲೀಟರಿಗಿಂತ ತುಸು ಹೆಚ್ಚು. ಉಳಿದ ಇಪ್ಪತ್ತೆರಡು ಲೀಟರ್ ಪೈಪಿನಲ್ಲಿ ಹರಿಯಲು ಬೇಕಿತ್ತು, ಅಷ್ಟೇ. ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುವುದು ಅದು ಬಾಯಾರದಿರಲಿ ಎಂದು. ಪೇಸ್ಟಿನ ಸಿಮೆಂಟು ಹುಟ್ಟಿದಾಗಿನಿಂದ ನೀರಿನಲ್ಲೇ ಮುಳುಗಿದೆ. ಹೊರಗಿನಿಂದ ನೀರು ಕೊಟ್ಟರೆ ಬಲ ಹೆಚ್ಚೀತು ಎಂಬ ನಿರೀಕ್ಷೆಗೆ ಇಲ್ಲಿ ಆಧಾರವಿಲ್ಲ.

ಒಂದು ಅಪವಾದವಿದೆ. ಒಡೆದ ಬಂಡೆಯ ಚೂರುಗಳಿಗೆ ಸಿಮೆಂಟ್ ಸ್ಲರಿ ಸುರಿದು ಮಾಡುವ ಬ್ಯಾಕ್‌ಫಿಲ್‌ನಲ್ಲಿ ನೀರು-ಸಿಮೆಂಟ್ ಅನುಪಾತ ಒಂದರ ಆಸುಪಾಸಿನಲ್ಲಿರುತ್ತದೆ. ಕಲ್ಲಿನ ಮೇಲೆ ತೆಳುವಾಗಿ ಹರಡಿದ ಆ ಸ್ಲರಿ ವಾತಾಯನದ ಗಾಳಿಗೆ ಬೇಗ ಒಣಗಬಲ್ಲದು, ಕಲ್ಲೂ ಒಂದಿಷ್ಟು ನೀರು ಹೀರುತ್ತದೆ. ಅಲ್ಲಿ ನಿಮ್ಮ ಕಾಂಕ್ರೀಟ್ ಪಾಠ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ.

ಹಾಗಾದರೆ ಕಪಾಟಿನ ಸಿಲಿಂಡರ್ ಗಟ್ಟಿಯಾದದ್ದು ಹೇಗೆ? ಒಣ ಮರಳನ್ನು ಗುಡ್ಡೆ ಹಾಕಿದರೆ ಜಾರುತ್ತದೆ, ನೀರಿನಲ್ಲಿ ಮುಳುಗಿಸಿದರೂ ಜಾರುತ್ತದೆ, ಬರೀ ಒದ್ದೆ ಮಾಡಿದರೆ ಗೋಡೆಯಂತೆ ನಿಲ್ಲುತ್ತದೆ. ಕಣಗಳ ನಡುವೆ ಉಳಿದ ನೀರಿನ ಹನಿಗಳು ಒಳಕ್ಕೆ ಬಾಗಿ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತವೆ. ಈ ಎಳೆತಕ್ಕೆ ಸಕ್ಷನ್ ಎಂಬ ಹೆಸರು. ಟೇಲಿಂಗ್ಸ್ ಮರಳಿಗಿಂತ ಎಷ್ಟೋ ನುಣುಪು. ಪೇಸ್ಟಿಗೆ 20 ಮೈಕ್ರಾನ್‌ಗಿಂತ ಸಣ್ಣ ಕಣಗಳು ಕನಿಷ್ಠ ಶೇ 15 ಇರಬೇಕೆಂಬುದು ಈ ಕಸುಬಿನ ರೂಢಿಯ ಅಳತೆ. ಕಣ ಸಣ್ಣದಾದಷ್ಟೂ ರಂಧ್ರ ಸಣ್ಣದು, ರಂಧ್ರ ಸಣ್ಣದಾದಷ್ಟೂ ಸಕ್ಷನ್ ಬಿಗಿ.

ಈ ಬಿಗಿ ಎಷ್ಟು ಬಲವಾಗಿ ಕಾಣಿಸಿಕೊಳ್ಳುತ್ತದೆ? ಸಿಲಿಂಡರ್ ತುಸುವೇ ಒಣಗಿ ಅದರಲ್ಲಿ 50 ಕಿಲೋಪಾಸ್ಕಲ್ ಸಕ್ಷನ್ ಹುಟ್ಟಿದೆ, ರಂಧ್ರಗಳಲ್ಲಿ ನೀರು ಇನ್ನೂ ಬಹುಪಾಲು ತುಂಬಿದೆ ಎಂದುಕೊಳ್ಳಿ. ಟೇಲಿಂಗ್ಸ್‌ನ ಒಳಘರ್ಷಣೆಯ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಘರ್ಷಣೆಯ ಅಳತೆ) 35 ಡಿಗ್ರಿ ಎಂದರೆ ಈ ಸಕ್ಷನ್ ಸುಮಾರು 35 ಕಿಲೋಪಾಸ್ಕಲ್‌ನಷ್ಟು ಅಂಟುಗುಣಕ್ಕೆ ಸಮ. ಒತ್ತುಯಂತ್ರದಲ್ಲಿ ಅದು ಹೆಚ್ಚುವರಿ 135 ಕಿಲೋಪಾಸ್ಕಲ್ ಬಲವಾಗಿ ಎದ್ದು ಕಾಣುತ್ತದೆ. ಕಾಂಕ್ರೀಟಿನ ಜಗತ್ತಿನಲ್ಲಿ 135 ಕಿಲೋಪಾಸ್ಕಲ್ ಲೆಕ್ಕಕ್ಕೇ ಬಾರದ ಅಂಕಿ. ನಮ್ಮಲ್ಲಿ ಹಾಗಲ್ಲ. ಪಕ್ಕದ ಸ್ಟೋಪ್ ತೆಗೆದಾಗ ಬ್ಯಾಕ್‌ಫಿಲ್‌ನ ಬರಿಗೋಡೆ ನಿಲ್ಲಲು ಬೇಕಾದ ಬಲಕ್ಕೆ 1982ರಲ್ಲಿ ಮಿಚೆಲ್ ಮತ್ತು ಸಹೋದ್ಯೋಗಿಗಳು ಕೊಟ್ಟ ಸರಳ ಸೂತ್ರವನ್ನು ಈಗಲೂ ಬಳಸುತ್ತೇವೆ: ಘನಮೀಟರಿನ ತೂಕವನ್ನು ಎತ್ತರದಿಂದ ಗುಣಿಸಿ, ಒಂದಕ್ಕೆ ಎತ್ತರ-ಉದ್ದಗಳ ಅನುಪಾತ ಕೂಡಿಸಿದ ಮೊತ್ತದಿಂದ ಭಾಗಿಸುವುದು. 30 ಮೀಟರ್ ಎತ್ತರ, 15 ಮೀಟರ್ ಉದ್ದದ ಗೋಡೆಗೆ ಉತ್ತರ ಸುಮಾರು 200 ಕಿಲೋಪಾಸ್ಕಲ್. ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ 300. ಗುರಿ 300 ಇರುವಲ್ಲಿ 135 ಎರವಲು ಬಂದು ಕುಳಿತರೆ, ಸಿಮೆಂಟ್ ನಿಜವಾಗಿ ಕಟ್ಟಿದ್ದು 170ಕ್ಕಿಂತ ಕಡಿಮೆ ಇದ್ದರೂ ಮಾದರಿ ‘ಪಾಸ್’ ಆಗುತ್ತದೆ. ನಿಮ್ಮ ಹಿರಿಯರ ಮಾತು ಕೇಳಿ ನನಗೆ ಕಸಿವಿಸಿಯಾದದ್ದು ಇದಕ್ಕೇ.

ಇದನ್ನು ನಂಬಬೇಕಿಲ್ಲ, ನೋಡಬಹುದು. ಕಪಾಟಿನ ಸಿಲಿಂಡರನ್ನು ಒಡೆದ ಮೇಲೆ ತುಂಡುಗಳನ್ನು ಎಸೆಯಬೇಡಿ. ಮೊದಲು ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಹೊರಗೆ ಬೂದಿಬಣ್ಣದ ಒಣ ಅಂಚು, ಒಳಗೆ ಗಾಢ ಬಣ್ಣದ ತಿರುಳು, ಮೇಲ್ಮೈಯಲ್ಲಿ ಅಲ್ಲಲ್ಲಿ ಬಿಳಿ ಉಪ್ಪಿನ ಹೂವು. ಉಗುರಿನಿಂದ ಕೆರೆದರೆ ಅಂಚು ಕಿರುಗುಟ್ಟುತ್ತದೆ, ತಿರುಳು ಮೇಣದಂತೆ ಬರುತ್ತದೆ. ಈಗ ಹೆಬ್ಬೆರಳ ಗಾತ್ರದ ಒಂದು ಚೂರನ್ನು ಅಂಚಿನಿಂದ ತೆಗೆದು ಒಂದು ಬಟ್ಟಲು ನೀರಿನಲ್ಲಿ ಮೆಲ್ಲಗೆ ಬಿಡಿ. ಗುಳ್ಳೆಗಳ ಸಣ್ಣ ಸಾಲು ಏಳುತ್ತದೆ. ಕೆಲವು ನಿಮಿಷಗಳಲ್ಲಿ ಮೂಲೆಗಳು ಉದುರಿ, ಬಟ್ಟಲ ತಳದಲ್ಲಿ ಕೆಸರಿನ ಗುಡ್ಡೆ ಕುಳಿತರೆ ಆ ಚೂರನ್ನು ಹಿಡಿದಿದ್ದದ್ದು ಸಕ್ಷನ್. ಮರುದಿನ ಬೆಳಿಗ್ಗೆಯೂ ಅಂಚು ಚೂಪಾಗಿಯೇ ಉಳಿದಿದ್ದರೆ ಅದು ಸಿಮೆಂಟಿನ ಕೆಲಸ. ಯಂತ್ರವೇ ಬೇಡದ ಈ ಪರೀಕ್ಷೆಯನ್ನು ನಾನು ಎಷ್ಟೋ ಸಲ ವರದಿಯ ಗ್ರಾಫಿಗಿಂತ ಹೆಚ್ಚು ನಂಬಿದ್ದೇನೆ.

ಒಣಗುವುದಕ್ಕೆ ಇನ್ನೊಂದು ಮುಖವೂ ಇದೆ. ರಂಧ್ರಗಳೊಳಗಿನ ಸಾಪೇಕ್ಷ ತೇವಾಂಶ ಶೇ 80ಕ್ಕಿಂತ ಕೆಳಗಿಳಿದರೆ ಸಿಮೆಂಟಿನ ಪ್ರತಿಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತೆರೆದಿಟ್ಟ ಸಿಲಿಂಡರಿನ ಹೊರಪದರದಲ್ಲಿ ಆಗುವುದು ಇದೇ. ಒಂದು ಕಡೆ ಸಕ್ಷನ್ ಏರುತ್ತಿದೆ, ಇನ್ನೊಂದು ಕಡೆ ಸಿಮೆಂಟು ಕೆಲಸ ಬಿಟ್ಟಿದೆ. ಯಂತ್ರ ಓದುವುದು ಇವೆರಡರ ಮೊತ್ತವನ್ನು. ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಅಥವಾ ಹಾರುಬೂದಿ ಬೆರೆತ ಬೈಂಡರ್ (ಕಣಗಳನ್ನು ಬೆಸೆಯುವ ಪುಡಿ) ಆಗಿದ್ದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಅವುಗಳ ಕೆಲಸದ ಬಹುಪಾಲು ನಡೆಯುವುದು ನಿಧಾನವಾಗಿ, ತಡವಾಗಿ. ಏಳನೇ ದಿನ ಒಣಗಿಹೋದ ಸ್ಲ್ಯಾಗಿಗೆ ಐವತ್ತಾರನೇ ದಿನ ಎಂಬುದೇ ಇಲ್ಲ.

ಸ್ಟೋಪ್‌ನಲ್ಲಿಯೂ ಗಾಳಿ ಆಡುತ್ತದಲ್ಲ, ಅಲ್ಲಿಯೂ ಒಣಗುತ್ತದಲ್ಲ ಎಂದು ವಾದಿಸುವವರಿದ್ದಾರೆ. ಒಣಗುತ್ತದೆ, ಚರ್ಮದಷ್ಟು. ಹತ್ತಾರು ಮೀಟರ್ ಅಗಲದ ಭರ್ತಿಯಲ್ಲಿ ಗಾಳಿಗೆ ಒಡ್ಡಿದ ಮುಖದ ತೆಳುಪದರ ಮಾತ್ರ ಒಣಗಿ ಒಳಗಿನದೆಲ್ಲ ಒದ್ದೆಯಾಗಿಯೇ ಉಳಿಯುತ್ತದೆ. ನಿಮ್ಮ ಸಿಲಿಂಡರ್ ಏಳೂವರೆ ಸೆಂಟಿಮೀಟರ್ ವ್ಯಾಸದ್ದು. ಅದು ಬರೀ ಚರ್ಮ. ಅದನ್ನು ನೋಡಿ ಇಡೀ ಭರ್ತಿಯ ಬಗ್ಗೆ ತೀರ್ಮಾನಿಸುವುದೆಂದರೆ ಹಣ್ಣಿನ ಸಿಪ್ಪೆ ತಿಂದು ತಿರುಳಿನ ರುಚಿ ಹೇಳಿದಂತೆ.

ಇಷ್ಟು ಹೇಳಿ ಮಂಜುಕೋಣೆಯ ಪರ ನಿಂತೆ ಎಂದುಕೊಳ್ಳಬೇಡಿ. ಅದರ ಮೇಲೂ ನನಗೆ ದೂರಿದೆ. ‘ಶೇ 95 ತೇವಾಂಶದಲ್ಲಿ ಕ್ಯೂರಿಂಗ್’, ಅಂದರೆ ಗಟ್ಟಿಯಾಗಲು ಇಟ್ಟದ್ದು, ಎಂದು ಬರೆದ ತಕ್ಷಣ ಓದುವವರು ‘ಪೂರ್ತಿ ಒದ್ದೆ’ ಎಂದು ತಿಳಿಯುತ್ತಾರೆ. 25 ಡಿಗ್ರಿಯಲ್ಲಿ ಶೇ 95 ತೇವಾಂಶದ ಗಾಳಿಯ ಜೊತೆ ಸಮತೋಲಕ್ಕೆ ಬರುವ ಸಕ್ಷನ್ ಸುಮಾರು 7 ಮೆಗಾಪಾಸ್ಕಲ್. ಶೇ 99ರಲ್ಲಿಯೂ 1.4ರ ಹತ್ತಿರ. ಟೇಲಿಂಗ್ಸ್‌ನ ದೊಡ್ಡ ರಂಧ್ರಗಳು ಬರಿದಾಗಲು ಕೆಲವು ಹತ್ತು ಕಿಲೋಪಾಸ್ಕಲ್ ಸಾಕು. ಎಂದರೆ ಶೇ 95ರ ಪೆಟ್ಟಿಗೆಯಲ್ಲಿ ಬರಿಮೈಯಲ್ಲಿಟ್ಟ ಪೇಸ್ಟ್ ಕೂಡ ನಿಧಾನವಾಗಿ ಒಣಗುತ್ತಿರುತ್ತದೆ. ಕಣ್ಣಿಗೆ ಕಾಣುವ ಮಂಜು ತುಂಬಿ, ಮಾದರಿಯ ಮೈಮೇಲೆ ನೀರು ಕುಳಿತಿದ್ದರೆ ಮಾತ್ರ ಅದು ಒದ್ದೆ. ಆದರೆ ಆಗ ಇನ್ನೊಂದು ತೊಂದರೆ ಶುರುವಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಯೋಗಾಲಯದ ಮಂಜುಕೋಣೆಯ ಎಡಮೂಲೆಯ ಮಾದರಿಗಳು ಪ್ರತಿ ಸಲವೂ ಬಲಹೀನವಾಗಿ ಬರುತ್ತಿದ್ದವು. ಟೇಲಿಂಗ್ಸ್ ಬದಲಾಗಿದೆ, ಸಿಮೆಂಟು ಹಳತು, ಮಿಶ್ರಣ ಸರಿಯಾಗಿಲ್ಲ ಎಂದೆಲ್ಲ ಪತ್ರಗಳು ಓಡಾಡಿದವು. ಕೊನೆಗೆ ಒಂದು ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ನೋಡಿದರೆ, ಆ ಮೂಲೆಯ ನಳಿಕೆ ಮಂಜು ಹಾರಿಸುವ ಬದಲು ತೊಟ್ಟಿಕ್ಕುತ್ತಿತ್ತು. ಕೆಳಗಿನ ಎಂಟು ಸಿಲಿಂಡರ್‌ಗಳ ನೆತ್ತಿಯಲ್ಲಿ ಬೆರಳ ತುದಿಯಷ್ಟು ಗುಳಿ, ಸುತ್ತ ಸುಣ್ಣದ ಬಿಳಿ ಉಂಗುರ. ನೀರು ಸಿಮೆಂಟನ್ನು ತೊಳೆದು ಕೊಂಡೊಯ್ಯುತ್ತಿತ್ತು.

‘ಒದ್ದೆ ಕ್ಯೂರಿಂಗ್’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳನ್ನು ತುಂಬಿದ್ದೇ ಗೊಂದಲದ ಬೇರು ಎಂಬುದು ನನ್ನ ಅಭಿಪ್ರಾಯ. ತನ್ನ ನೀರನ್ನು ಕಳೆದುಕೊಳ್ಳದೆ ಇರುವುದು, ನಿಂತ ನೀರಿನಲ್ಲಿ ಮುಳುಗಿರುವುದು, ಹರಿಯುವ ನೀರಿಗೆ ಮೈಯೊಡ್ಡಿರುವುದು, ತನ್ನ ನೀರನ್ನು ತಳದಿಂದ ಬಿಟ್ಟುಕೊಡುತ್ತ ಕುಗ್ಗುವುದು, ಇವೆಲ್ಲವೂ ಒದ್ದೆಯೇ. ಭರ್ತಿಯ ಮೇಲೆ ಇವುಗಳ ಪರಿಣಾಮ ಮಾತ್ರ ಒಂದೊಂದೂ ಬೇರೆ.

ಮೊದಲ ಎರಡರ ನಡುವಿನ ವ್ಯತ್ಯಾಸ ಸೂಕ್ಷ್ಮ. ಸಿಮೆಂಟ್ ಮತ್ತು ನೀರು ಸೇರಿ ಹುಟ್ಟುವ ವಸ್ತುವಿನ ಗಾತ್ರ, ಅವೆರಡರ ಒಟ್ಟು ಗಾತ್ರಕ್ಕಿಂತ ಕಡಿಮೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೇ ತೋರಿಸಿಕೊಟ್ಟ ಈ ಕುಗ್ಗುವಿಕೆ ನೂರು ಗ್ರಾಂ ಸಿಮೆಂಟಿಗೆ ಸುಮಾರು 6 ಮಿಲಿಲೀಟರ್. ನಿಮ್ಮ ನೂರು ಕೆಜಿ ಪೇಸ್ಟಿನಲ್ಲಿ ಅದು ಕಾಲು ಲೀಟರಿಗೂ ಕಡಿಮೆ, ಅಂದರೆ ಇರುವ ನೀರಿನ ಶೇ 1. ಇಷ್ಟು ಸಣ್ಣ ಅಂಕಿಗೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎನಿಸಬಹುದು. ಆದರೆ ನೀರು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಎನ್ನುವಷ್ಟು ಬಿರುಸು. ಗಟ್ಟಿಯಾಗತೊಡಗಿದ ಭರ್ತಿಯೊಳಗೆ ಶೇ 1 ನೀರು ಮಾಯವಾದರೆ ರಂಧ್ರಗಳ ನೀರಿನ ಒತ್ತಡ ಜರ್ರನೆ ಇಳಿಯುತ್ತದೆ. ಹೊಸದಾಗಿ ಸುರಿದ ಹತ್ತು ಮೀಟರ್ ಪೇಸ್ಟ್, ದ್ರವದಂತೆ ವರ್ತಿಸುವಷ್ಟು ಹೊತ್ತು, ತಳದಲ್ಲಿ ಸುಮಾರು 200 ಕಿಲೋಪಾಸ್ಕಲ್ ಒತ್ತಡ ಹಾಕುತ್ತದೆ. ಸ್ಟೋಪ್‌ನ ಬಾಯಿಗೆ ಕಟ್ಟಿದ ಬ್ಯಾರಿಕೇಡ್ ಅದನ್ನು ತಡೆದು ನಿಲ್ಲಬೇಕು. ಸಿಮೆಂಟ್ ಒಳಗಿನಿಂದಲೇ ನೀರನ್ನು ಹೀರಿ ಈ ಒತ್ತಡ ಇಳಿಸುವುದು ಬ್ಯಾರಿಕೇಡ್‌ಗೆ ದೊಡ್ಡ ಉಪಕಾರ. ಹೊರಗಿನಿಂದ ನೀರು ಧಾರಾಳವಾಗಿ ಒಳಗೆ ಬರುತ್ತಿದ್ದರೆ ಆ ಖಾಲಿ ಜಾಗವನ್ನು ಅದು ತುಂಬುತ್ತದೆ, ಉಪಕಾರ ತಪ್ಪುತ್ತದೆ. ಮುಚ್ಚಿಟ್ಟ ಮಾದರಿ ಮುಳುಗಿಸಿದ ಮಾದರಿಗಿಂತ ತುಸು ಗಟ್ಟಿ ಕಾಣುವುದರ ಹಿಂದೆಯೂ ಇದೇ ಶೇ 1ರ ಕೈವಾಡವಿದೆ.

ಬ್ಯಾರಿಕೇಡ್ ಬಗ್ಗೆ ಹಗುರವಾಗಿ ಮಾತಾಡಬಾರದು. 2000ನೇ ಇಸವಿಯ ಜೂನ್ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ರಾಂಜ್‌ವಿಂಗ್ ಚಿನ್ನದ ಗಣಿಯಲ್ಲಿ ಬ್ಯಾರಿಕೇಡ್ ಒಡೆದು, ಒದ್ದೆ ಮರಳುಭರ್ತಿ ಸುರಂಗಗಳಿಗೆ ನುಗ್ಗಿ ಮೂವರು ಸತ್ತರು. ಅದು ಸಿಮೆಂಟ್ ಇಲ್ಲದ ಭರ್ತಿ, ನಿಮ್ಮ ಪೇಸ್ಟಿಗಿಂತ ಬೇರೆಯ ಜಾತಿ. ಆದರೂ ನೀರು ತುಂಬಿದ ಭರ್ತಿ ಒಮ್ಮೆ ಹೊರಳಿದರೆ ಏನಾಗುತ್ತದೆಂಬುದು ಅಲ್ಲಿ ಗೊತ್ತಾಯಿತು. ನೀರಿನಿಂದ ತುಂಬಿ ತುಳುಕುವ ಪೇಸ್ಟ್ ಕಂಪನಕ್ಕೆ ದ್ರವವಾಗದಿರಲು ಕನಿಷ್ಠ 100 ಕಿಲೋಪಾಸ್ಕಲ್ ಬಲ ಬೇಕು ಎಂಬ ರೂಢಿಯ ಮಿತಿಯನ್ನು ಒದ್ದೆ ಮಾದರಿಯ ಅಂಕಿಯಿಂದಲೇ ಅಳೆಯಬೇಕು. ಕಪಾಟಿನ ಮಾದರಿ ಈ ಮಿತಿಯನ್ನು ಸಕ್ಷನ್ ಒಂದರಿಂದಲೇ ದಾಟಬಲ್ಲದು.

ಇನ್ನು ತಳದಿಂದ ನೀರು ಬಸಿಯುವ ಸ್ಥಿತಿ. ಇದರಲ್ಲಿ ಬಲ ಹೆಚ್ಚುತ್ತದೆ, ಮತ್ತು ಇದು ಎರವಲಲ್ಲ. ನೀರು ಹೋದ ಜಾಗಕ್ಕೆ ಕಣಗಳು ಇಳಿದು ಹತ್ತಿರವಾಗುತ್ತವೆ, ಅದೇ ಸಿಮೆಂಟು ಕಡಿಮೆ ಅಂತರವನ್ನು ಬೆಸೆದರೆ ಸಾಕು. ಮೇಲಿನ ಭರ್ತಿಯ ಭಾರವೂ ಒತ್ತುತ್ತಿದ್ದರೆ ಇನ್ನೂ ಒಳ್ಳೆಯದು. ಸ್ಟೋಪ್‌ನಿಂದ ಕೊರೆದು ತೆಗೆದ ಮಾದರಿಗಳು ಪ್ರಯೋಗಾಲಯದವುಗಳಿಗಿಂತ ಎಷ್ಟೋ ಸಲ ಗಟ್ಟಿಯಾಗಿ ಬರುವುದಕ್ಕೆ ಇದೂ ಒಂದು ಕಾರಣ, ಸಿಮೆಂಟಿನ ಬಿಸಿಯನ್ನು ದೊಡ್ಡ ರಾಶಿ ಹಿಡಿದಿಟ್ಟುಕೊಳ್ಳುವುದು ಇನ್ನೊಂದು. ಒಂದೇ ಎಚ್ಚರಿಕೆ: ನುಣುಪು ಕಡಿಮೆಯಿರುವ ಮರಳುಭರ್ತಿಯಲ್ಲಿ ನೀರು ರಭಸದಿಂದ ಬಸಿದರೆ ಸಿಮೆಂಟಿನ ಕಣಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಬಸಿದ ನೀರು ಹಾಲಿನಂತೆ ಬರುತ್ತಿದ್ದರೆ ನಿಮ್ಮ ದುಡ್ಡು ಚರಂಡಿಗೆ ಹರಿಯುತ್ತಿದೆ.

ಪೈರೈಟ್ ವಿಷಯದಲ್ಲಿ ನೀರು ಪಕ್ಷ ಬದಲಾಯಿಸುತ್ತದೆ. ಪೈರೈಟ್ ಗಾಳಿಯ ಆಮ್ಲಜನಕ ಮತ್ತು ನೀರು ಎರಡೂ ಸಿಕ್ಕಾಗ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಆ ಆಮ್ಲ ಸಿಮೆಂಟಿನ ಸುಣ್ಣವನ್ನು ತಿಂದು ಜಿಪ್ಸಮ್, ಎಟ್ರಿಂಗೈಟ್ ಎಂಬ ಹರಳುಗಳನ್ನು ಬೆಳೆಸುತ್ತದೆ. ಮೊದಮೊದಲು ಈ ಹರಳುಗಳು ರಂಧ್ರ ತುಂಬುವುದರಿಂದ ಬಲ ಏರಿದಂತೆ ಕಾಣುತ್ತದೆ. ಜಾಗ ಮುಗಿದ ಮೇಲೂ ಅವು ಬೆಳೆಯುತ್ತಲೇ ಇರುತ್ತವೆ, ಭರ್ತಿ ಒಳಗಿನಿಂದ ಬಿರಿಯುತ್ತದೆ. ಆದ್ದರಿಂದಲೇ ಪೈರೈಟ್ ಇರುವ ಪೇಸ್ಟಿನ 28 ದಿನದ ಅಂಕಿ ನನಗೆ ಸಾಲದು. 90ನೇ ದಿನ, ಸಾಧ್ಯವಾದರೆ 180ನೇ ದಿನ ಒಡೆದು ನೋಡಬೇಕು. ಇಲ್ಲಿ ಮುಳುಗಿದ ಭರ್ತಿಗೆ ರಕ್ಷಣೆ ಹೆಚ್ಚು. ಒಂದು ಲೀಟರ್ ಗಾಳಿಯಲ್ಲಿ ಆಮ್ಲಜನಕ ಸುಮಾರು 280 ಮಿಲಿಗ್ರಾಂ, 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 8ರ ಹತ್ತಿರ. ಅದು ನೀರಿನೊಳಗೆ ಹರಡುವ ವೇಗವೂ ಗಾಳಿಯಲ್ಲಿನ ವೇಗದ ಹತ್ತುಸಾವಿರದ ಒಂದು ಪಾಲಿನಷ್ಟು. ರಂಧ್ರಗಳು ನೀರಿನಿಂದ ತುಂಬಿರುವವರೆಗೆ ಪೈರೈಟ್ ಉಸಿರುಗಟ್ಟಿ ಸುಮ್ಮನಿರುತ್ತದೆ. ಅತಿ ಕೆಟ್ಟದ್ದು ಅರೆ ಒದ್ದೆ. ಅದರಲ್ಲೂ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಮುಖ: ಒಣಗಿದಾಗ ಗಾಳಿ ಒಳಗೆ, ನೆನೆದಾಗ ಆಮ್ಲ ಹೊರಗೆ. ಕಪಾಟಿನ ಮೇಲೆ ನಿಧಾನವಾಗಿ ಒಣಗುತ್ತಿದ್ದ ನಿಮ್ಮ ಸಿಲಿಂಡರ್‌ಗಳೂ ಕೆಲವು ವಾರ ಇದೇ ಸ್ಥಿತಿಯಲ್ಲಿದ್ದವು. ಮೇಲ್ಮೈಯಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳಿವೆಯೇ ನೋಡಿ.

ಮುಳುಗಿಸಿದರೆ ಸಲ್ಫೇಟ್ ತೊಂದರೆ ಪೂರ್ತಿ ತಪ್ಪಿತು ಎಂದೂ ಇಲ್ಲ. ಸಂಸ್ಕರಣಾ ಘಟಕದಿಂದ ಬರುವ ನೀರಿನಲ್ಲೇ ಸಲ್ಫೇಟ್ ಕರಗಿರಬಹುದು. ಅದಕ್ಕೆ ಗಾಳಿಯ ಹಂಗಿಲ್ಲ. ಮೊದಲ ದಿನಗಳಲ್ಲೇ ಸಿಮೆಂಟಿನ ಕೆಲಸವನ್ನು ನಿಧಾನ ಮಾಡುತ್ತದೆ. ಆ ನೀರನ್ನೊಮ್ಮೆ ಪರೀಕ್ಷೆಗೆ ಕಳುಹಿಸಿ. ಸಲ್ಫೇಟ್ ಹೆಚ್ಚಿದ್ದರೆ ಬರೀ ಸಿಮೆಂಟಿಗಿಂತ ಸ್ಲ್ಯಾಗ್ ಬೆರೆತ ಬೈಂಡರ್ ಒಳ್ಳೆಯದು.

ಈಗ ನಿಮ್ಮ ಜಿನುಗುವ ಗೋಡೆ. ಹರಿಯುವ ನೀರು ಸುಣ್ಣವನ್ನು ಕರಗಿಸುತ್ತದೆ, ಬ್ಯಾಕ್‌ಫಿಲ್ ಟೊಳ್ಳಾಗುತ್ತದೆ ಎಂಬ ಹೆದರಿಕೆಯನ್ನು ಅಂಕಿಯಲ್ಲಿ ಹಿಡಿದು ನೋಡೋಣ. ಗಟ್ಟಿಯಾದ ಪೇಸ್ಟ್ ತನ್ನೊಳಗಿಂದ ನೀರನ್ನು ಹಾಯಲು ಬಿಡುವ ವೇಗ ಸೆಕೆಂಡಿಗೆ ಒಂದು ಮೀಟರಿನ ಕೋಟಿಯ ಒಂದು ಪಾಲು ಎಂದುಕೊಂಡರೆ, ನೇರ ಕೆಳಮುಖ ಹರಿವಿನಲ್ಲಿ ಒಂದು ಚದರ ಮೀಟರಿನ ಮೂಲಕ ವರ್ಷಕ್ಕೆ ಮೂರು ಘನಮೀಟರ್ ನೀರು ದಾಟುತ್ತದೆ. ಸುಣ್ಣ ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂಗಿಂತ ತುಸು ಹೆಚ್ಚು. ವರ್ಷಕ್ಕೆ ಹೆಚ್ಚೆಂದರೆ ಐದು ಕೆಜಿ ಹೋಯಿತು. ನಿಮ್ಮ ಪೇಸ್ಟಿನ ಒಂದು ಘನಮೀಟರಿನಲ್ಲಿ ಸುಮಾರು 75 ಕೆಜಿ ಸಿಮೆಂಟಿದೆ, ಅದು ಹುಟ್ಟಿಸುವ ಬಿಡಿ ಸುಣ್ಣ ಹದಿನೈದು ಕೆಜಿಯ ಆಸುಪಾಸು. ಎಂದರೆ ಮೊದಲ ಒಂದು ಮೀಟರ್ ದಪ್ಪದ ಪದರ ಸುಣ್ಣ ಕಳೆದುಕೊಳ್ಳಲೇ ಮೂರು ವರ್ಷ ಬೇಕು. ಅಷ್ಟರೊಳಗೆ ಪಕ್ಕದ ಸ್ಟೋಪ್ ತೆಗೆದು, ತುಂಬಿ, ನೀವು ಮುಂದಿನ ಹಂತಕ್ಕೆ ಹೋಗಿರುತ್ತೀರಿ. ಭರ್ತಿಯ ಮೈಯೊಳಗಿಂದ ಹಾಯುವ ನೀರು ನಿಮ್ಮ ಮುಖ್ಯ ಶತ್ರುವಲ್ಲ. ಬಂಡೆ ಮತ್ತು ಭರ್ತಿಯ ನಡುವಿನ ಸಂದಿಯಲ್ಲಿ, ಬಿರುಕಿನಲ್ಲಿ ಹರಿಯುವ ನೀರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ಸಾವಿರಾರು ಪಟ್ಟು ವೇಗವಾಗಿ ಹರಿದು ಆ ಒಂದು ಗೆರೆಯಲ್ಲಿ ಭರ್ತಿಯನ್ನು ಕೊರೆಯಬಲ್ಲದು.

ನಾನು ಹೆಚ್ಚು ಹೆದರುವುದು ಮೊದಲ ಎರಡು ದಿನಗಳ ನೀರಿಗೆ. ಪೇಸ್ಟ್ ಇನ್ನೂ ಕಟ್ಟಿರುವುದಿಲ್ಲ. ಗೋಡೆಯಿಂದ ಇಳಿದ ನೀರು ಅದರ ಮೇಲೆ ನಿಂತರೆ, ಮುಂದೆ ಸುರಿಯುವ ಪೇಸ್ಟ್ ಅದರೊಳಗೆ ಬಿದ್ದು ಕಲಕಿ ತೆಳುವಾಗುತ್ತದೆ. ಅಲ್ಲಿ ನೀರು-ಸಿಮೆಂಟ್ ಅನುಪಾತ ಆರರಿಂದ ಹತ್ತಕ್ಕೋ ಹನ್ನೆರಡಕ್ಕೋ ಏರಿ ಒಂದು ಮೆದು ಪದರ ಉಳಿಯುತ್ತದೆ. ಪಕ್ಕದ ಸ್ಟೋಪ್ ತೆಗೆದಾಗ ಗೋಡೆ ಮುರಿದು ಬೀಳುವುದು ಇಂಥ ಪದರದಲ್ಲೇ. ಬಂಡೆಯ ನೀರಿನ ಮೇಲೆ ಗೂಬೆ ಕೂರಿಸುವ ಮುನ್ನ ನಿಮ್ಮ ಪೈಪನ್ನೂ ನೋಡಿ. ಪ್ರತಿ ಸುರಿತದ ಮೊದಲು ಮತ್ತು ಕೊನೆಗೆ ಪೈಪ್ ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ? ಎಷ್ಟೋ ಗಣಿಗಳಲ್ಲಿ ಅದು ನೇರವಾಗಿ ಸ್ಟೋಪ್‌ಗೇ ಬೀಳುತ್ತದೆ. ದಿನಕ್ಕೆ ನಾಲ್ಕು ಸಲ ನಿಲ್ಲಿಸಿ ತೊಳೆದರೆ, ಜಿನುಗುವ ಗೋಡೆಗಿಂತ ಹೆಚ್ಚು ನೀರನ್ನು ನೀವೇ ಹಾಕುತ್ತಿರಬಹುದು. ತೊಳೆದ ನೀರನ್ನು ಬೇರೆಡೆಗೆ ತಿರುಗಿಸಲು ಒಂದು ಕವಲು ಪೈಪ್ ಹಾಕಿಸಿ. ಗೋಡೆಯ ಜಿನುಗಿಗೆ ತುಂಬುವ ಮುನ್ನವೇ ಕೊಳವೆ ಕೂರಿಸಿ ಬ್ಯಾರಿಕೇಡಿನ ಆಚೆಗೆ ದಾರಿ ಮಾಡಿ.

ಪ್ರಯೋಗಾಲಯದಲ್ಲಿ ಮುಂದಿನ ಬ್ಯಾಚಿನಿಂದ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಬಹುಪಾಲು ಮಾದರಿಗಳನ್ನು ಅಚ್ಚಿನಲ್ಲೇ ಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಗಾಳಿಯಾಡದ ಚೀಲದಲ್ಲಿ ಹಾಕಿ ಸ್ಟೋಪ್‌ನ ಉಷ್ಣತೆಯಲ್ಲಿ ಇಡುತ್ತಿದ್ದೆ. ಹೊಯ್ದ ದಿನ ಮತ್ತು ಒಡೆಯುವ ದಿನದ ತೂಕ ಬರೆದುಕೊಳ್ಳಿ. ತೂಕ ಶೇ 1ಕ್ಕಿಂತ ಹೆಚ್ಚು ಇಳಿದ ಮಾದರಿಯನ್ನು ಈ ಸಾಲಿನಿಂದ ತೆಗೆದುಬಿಡಿ. ಒಂದು ಗುಂಪನ್ನು, ಕೈಯಲ್ಲಿ ಹಿಡಿದರೆ ಕುಸಿಯದಷ್ಟು ಕಟ್ಟಿದ ಮೇಲೆ, ಗಣಿಯ ಅಂತರ್ಜಲದಲ್ಲೇ ಮುಳುಗಿಸಿ. ನಲ್ಲಿ ನೀರು ಬೇಡ, ಕಾಂಕ್ರೀಟಿಗೆ ಬಳಸುವ ಸುಣ್ಣದ ತಿಳಿನೀರೂ ಬೇಡ. ನಿಮ್ಮ ಭರ್ತಿ ಎದುರಿಸಬೇಕಾದದ್ದು ಗಣಿಯ ನೀರನ್ನು. ಇನ್ನೊಂದು ಸಣ್ಣ ಗುಂಪನ್ನು ತಳದಲ್ಲಿ ತೂತುಗಳಿರುವ, ಒಳಗೆ ಸೋಸುಬಟ್ಟೆ ಹಾಸಿದ ಅಚ್ಚಿನಲ್ಲಿ ಹೊಯ್ದರೆ ಬಸಿಯುವಿಕೆಯ ಲಾಭ ಎಷ್ಟೆಂದು ತಿಳಿಯುತ್ತದೆ. ಪ್ರತಿ ಮಾದರಿಯನ್ನೂ ಒಡೆದ ತಕ್ಷಣ ಅದರ ತಿರುಳಿನಿಂದ ಒಂದು ಹಿಡಿ ತೆಗೆದು ತೇವಾಂಶ ಅಳೆಯಿರಿ. ತೇವಾಂಶ ಬರೆಯದ ಬಲದ ಅಂಕಿ ನನ್ನ ಮೇಜಿಗೆ ಬಂದರೆ ವಾಪಸು ಕಳುಹಿಸುತ್ತೇನೆ.

ಮತ್ತು ಕಪಾಟಿನ ಸಿಲಿಂಡರ್‌ಗಳಲ್ಲಿ ಒಡೆಯದೆ ಉಳಿದವು ಎರಡು ಮೂರು ಇದ್ದರೆ ಅವನ್ನು ಒಂದು ದಿನ ಪೂರ್ತಿ ನೀರಿನಲ್ಲಿ ನೆನೆಸಿ, ನಿಮ್ಮ ಹಿರಿಯರನ್ನು ಕರೆದು ಅವರ ಎದುರಿಗೇ ಒತ್ತುಯಂತ್ರಕ್ಕೆ ಏರಿಸಿ. ಮಂಜುಕೋಣೆಯ ಅಂಕಿಗಿಂತ ಕೆಳಗೆ ಬಂದರೆ, ತೆರೆದಿಟ್ಟಿದ್ದರಿಂದ ಸಿಮೆಂಟು ಕೆಲಸ ನಿಲ್ಲಿಸಿತ್ತು ಎಂದರ್ಥ. ಅದರ ಸಮಕ್ಕೆ ಬಂದರೆ, ವ್ಯತ್ಯಾಸವೆಲ್ಲ ಸಕ್ಷನ್‌ನದು. ನೆನೆದ ಮೇಲೂ ಮೇಲೆಯೇ ನಿಂತರೆ ಕಪಾಟಿನ ಉಷ್ಣತೆಯನ್ನು ಇನ್ನೊಮ್ಮೆ ಅಳೆಯಿರಿ. ಮುಂದಿನ ಸ್ಟೋಪ್‌ನ ವಿನ್ಯಾಸಕ್ಕೆ ಮುಚ್ಚಿಟ್ಟ ಮತ್ತು ಮುಳುಗಿಸಿದ ಮಾದರಿಗಳಲ್ಲಿ ಯಾವುದರ ಅಂಕಿ ಕಡಿಮೆಯೋ ಅದನ್ನೇ ಹಿಡಿಯಿರಿ.